ಪೇಟೆಯ ಸೆಂಟರ್, ಮಂಗಳೂರಿನ ಕ್ಲಾಸು, ಮನೆಯ ಲ್ಯಾಪ್‌ಟಾಪ್: ಅಂಗಡಿ ಲೆಕ್ಕಕ್ಕೆ ಕಂಪ್ಯೂಟರ್ ಎಲ್ಲಿ ಕಲಿಯೋದು?

ಕಳೆದ ಎರಡು ತಿಂಗಳಲ್ಲಿ ಮೂವರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಮೂವರೂ ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯವರೇ. ಒಬ್ಬರು ಬದಿಯಡ್ಕದ ಅಡಿಕೆ ವ್ಯಾಪಾರಿ, ವಯಸ್ಸು ಐವತ್ತು ದಾಟಿದೆ. ಇನ್ನೊಬ್ಬಳು ಉಪ್ಪಳದ ಹುಡುಗಿ, ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಳೆ. ಮೂರನೆಯವರು ಮುಳ್ಳೇರಿಯದ ಒಬ್ಬ ಅಕ್ಕ, ಕೇರಳದ ಮಹಿಳಾ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯವರ ಜೊತೆ ಸೇರಿ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಮೂವರಿಗೂ ಕಂಪ್ಯೂಟರ್ ಕಲಿಯಬೇಕು. ಪೇಟೆಯ ಸೆಂಟರಿಗೆ ಸೇರೋದಾ, ಮಂಗಳೂರಿಗೆ ಹೋಗೋದಾ, ಮನೆಯಲ್ಲೇ ವಿಡಿಯೋ ನೋಡಿ ಕಲಿಯೋದಾ ಅಂತ ಗೊಂದಲ.

ನಾನು ಕುಂಬಳೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಸಂಜೆ ಹೊತ್ತು ಒಬ್ಬಿಬ್ಬರಿಗೆ ಹೇಳಿಕೊಡುವುದೂ ಇದೆ. ಹನ್ನೆರಡು ವರ್ಷದ ಹಿಂದೆ ನಾನೂ ಆರು ತಿಂಗಳ ಕೋರ್ಸಿಗೆ ಒಟ್ಟಿಗೆ ಫೀಸು ಕಟ್ಟಿದ್ದೆ. ಮೊದಲ ಎರಡು ತಿಂಗಳು ಪೇಂಟ್‌ನಲ್ಲಿ ಮನೆ, ಮರದ ಚಿತ್ರ ಬಿಡಿಸಿದೆವು. ಕಂಪ್ಯೂಟರಿನ ಮೊದಲ ಪೀಳಿಗೆ, ಎರಡನೇ ಪೀಳಿಗೆ ಅಂತ ನೋಟ್ಸ್ ಬರೆದೆವು. ಲೆಕ್ಕದ ಹಾಳೆಯ ಎಕ್ಸೆಲ್ ಶುರುವಾದದ್ದು ನಾಲ್ಕನೇ ತಿಂಗಳಲ್ಲಿ. ಒಂದು ಕಂಪ್ಯೂಟರಿಗೆ ಮೂವರು. ಸರ್ಟಿಫಿಕೇಟ್ ಸಿಕ್ಕಿತು, ಬಿಲ್ ಮಾಡಲು ಬರಲಿಲ್ಲ. ಆ ಆರು ತಿಂಗಳು ಬೇರೆ ಯಾರಿಗೂ ಹೋಗಬಾರದು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲು

ಎಲ್ಲಿ ಕಲಿಯೋದು ಅಂತ ಕೇಳುವ ಮುಂಚೆ ಒಂದು ಕಾಗದ ತೆಗೆದುಕೊಳ್ಳಿ. ಕಂಪ್ಯೂಟರ್ ಬಂದರೆ ಬರುವ ಸೋಮವಾರ ನಿಮ್ಮ ಅಂಗಡಿಯಲ್ಲಿ ಯಾವ ಮೂರು ಕೆಲಸ ಮಾಡುತ್ತೀರಿ ಅಂತ ಬರೆಯಿರಿ. "ಎಂ.ಎಸ್. ಆಫೀಸ್ ಕಲಿಯಬೇಕು" ಅಂತ ಬರೆಯಬೇಡಿ. "ಯಾರು ಎಷ್ಟು ಬಾಕಿ ಕೊಡಬೇಕು ಅನ್ನುವ ಪಟ್ಟಿ", "ಬ್ಯಾಂಕಿಗೆ ಒಂದು ಪತ್ರ", "ಪ್ಯಾಕೆಟ್ ಮೇಲೆ ಅಂಟಿಸುವ ಚೀಟಿ" ಅಂತ ಬರೆಯಿರಿ. ನಾನು ಎಲ್ಲಾ ಆಯ್ಕೆಯನ್ನೂ ಅಳೆಯುವುದು ಈ ಕಾಗದ ಇಟ್ಟುಕೊಂಡೇ.

ಎರಡನೆಯದು ಭಾಷೆ. ನಮ್ಮಲ್ಲಿ ಇದು ಸಣ್ಣ ವಿಷಯ ಅಲ್ಲ. ಪೇಟೆಯ ಸೆಂಟರಿನಲ್ಲಿ ಪಾಠ ಹೆಚ್ಚಾಗಿ ಮಲಯಾಳದಲ್ಲಿ, ಸ್ಕ್ರೀನಿನ ಮೇಲೆ ಇಂಗ್ಲಿಷ್, ನಾವು ಮನಸ್ಸಿನಲ್ಲಿ ಲೆಕ್ಕ ಹಾಕುವುದು ಕನ್ನಡದಲ್ಲಿ. ಮಲಯಾಳ ಮಾತಾಡಲು ಬಂದರೂ ಹೊಸ ವಿಷಯ ತಲೆಗೆ ಹೋಗಬೇಕಾದರೆ ಸಂಶಯ ಕೇಳಲು ಬಾಯಿ ಬರಬೇಕು. ಯಾವ ಭಾಷೆಯಲ್ಲಿ ನೀವು ನಾಚಿಕೆ ಇಲ್ಲದೆ "ಇನ್ನೊಂದು ಸಲ ತೋರಿಸಿ" ಅಂತೀರೋ ಆ ಭಾಷೆಯಲ್ಲಿ ಕಲಿಯುವುದು ಒಳ್ಳೆಯದು.

ಮೂರನೆಯದು, ಕೀಬೋರ್ಡ್ ಮೇಲೆ ನಿಮ್ಮ ಕೈ ಎಷ್ಟು ಹೊತ್ತು ಇರುತ್ತದೆ ಅನ್ನುವುದು. ಒಂದು ಗಂಟೆಯ ಕ್ಲಾಸಿನಲ್ಲಿ ಇಪ್ಪತ್ತು ನಿಮಿಷ ಮಾತ್ರ ಮೌಸ್ ಸಿಕ್ಕಿದರೆ ಅದು ಇಪ್ಪತ್ತು ನಿಮಿಷದ ಕ್ಲಾಸು.

ಆಮೇಲೆ ಖರ್ಚು. ಫೀಸು ಮಾತ್ರ ನೋಡಬೇಡಿ. ಹೋಗಿ ಬರಲು ದಿನಕ್ಕೆ 80 ರೂಪಾಯಿ ಬಸ್ಸಿಗೆ ಅಂದುಕೊಳ್ಳಿ. ತಿಂಗಳಿಗೆ 25 ದಿನ, ಆರು ತಿಂಗಳು. ಅಲ್ಲಿಗೆ 12,000 ರೂಪಾಯಿ ಬಸ್ಸಿಗೇ ಆಯಿತು. ಅಂಗಡಿ ಬಾಗಿಲು ಹಾಕಿ ಹೋಗುವವರಾದರೆ ಆ ಹೊತ್ತಿನ ವ್ಯಾಪಾರವನ್ನೂ ಸೇರಿಸಿ. ಸರ್ಟಿಫಿಕೇಟ್ ಬೇಕಾ ಬೇಡವಾ ಅನ್ನುವುದು ಕೊನೆಯದು. ಸ್ವಂತ ವ್ಯಾಪಾರ ಮಾಡುವವರಿಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಪೇಟೆಯ ಖಾಸಗಿ ಸೆಂಟರ್

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಎಲ್ಲಾ ಕಡೆ ಸೆಂಟರುಗಳಿವೆ. ದೊಡ್ಡ ಲಾಭ ಅಂದರೆ ಹತ್ತಿರ, ಮತ್ತೆ ದಿನಾ ಹೋಗಬೇಕಾದ ಒತ್ತಾಯ. ಮನೆಯಲ್ಲಿ ಕೂತರೆ ನೂರು ಕೆಲಸ ಬರುತ್ತದೆ, ಕ್ಲಾಸಿಗೆ ಹೋದರೆ ಆ ಒಂದು ಗಂಟೆ ನಿಮ್ಮದು. ಮೌಸ್ ಹಿಡಿದೇ ಇಲ್ಲದವರಿಗೆ ಮೊದಲ ಹದಿನೈದು ದಿನ ಪಕ್ಕದಲ್ಲಿ ಒಬ್ಬರು ನಿಂತು ತೋರಿಸಿದ ಹಾಗೆ ಬೇರೆ ಯಾವುದೂ ಆಗುವುದಿಲ್ಲ.

ತೊಂದರೆ ಪಠ್ಯದ್ದು. ಕೋರ್ಸಿನ ಪಟ್ಟಿ ಹತ್ತೊಂಬತ್ತು ವರ್ಷದ ಹುಡುಗರಿಗೆ ಮಾಡಿದ್ದು. ಪವರ್‌ಪಾಯಿಂಟ್‌ನಲ್ಲಿ ಅಕ್ಷರ ಹಾರಿಸಲು ಒಂದು ವಾರ ಹೋಗುತ್ತದೆ, ಅಡಿಕೆ ವ್ಯಾಪಾರಿಗೆ ಅದು ಯಾಕೆ? ಆದರೆ ಕೇಳಿದರೆ ಎಷ್ಟೋ ಸೆಂಟರಿನವರು ಒಪ್ಪುತ್ತಾರೆ: "ನನಗೆ ಎಕ್ಸೆಲ್, ವರ್ಡ್, ಇಮೇಲ್ ಇಷ್ಟು ಸಾಕು, ಎರಡು ತಿಂಗಳಿಗೆ ಎಷ್ಟು?" ಕೇಳಿ ನೋಡಿ. ಫೀಸು ತಿಂಗಳು ತಿಂಗಳು ಕಟ್ಟುತ್ತೇನೆ ಅನ್ನಿ. ಕಟ್ಟುವ ಮೊದಲು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ ಅನ್ನಿ. ಒಂದು ಮಿಷನಿಗೆ ಎಷ್ಟು ಜನ ಅಂತ ಅಲ್ಲೇ ಗೊತ್ತಾಗುತ್ತದೆ.

ಸರಕಾರಿ ಕೋರ್ಸುಗಳು

ಕೇರಳ ಸರಕಾರದ ಎಲ್‌ಬಿಎಸ್ ಸೆಂಟರಿನ ಡಿಸಿಎ, ಪಿಜಿಡಿಸಿಎ ಅನ್ನುವ ಕಂಪ್ಯೂಟರ್ ಡಿಪ್ಲೊಮಾ, ಡೇಟಾ ಎಂಟ್ರಿಯಂಥ ಕೋರ್ಸುಗಳಿಗೆ ಕೆಲಸದ ಮಾರುಕಟ್ಟೆಯಲ್ಲಿ ಬೆಲೆ ಇದೆ. ಡಿಗ್ರಿ ಆದವರಿಗೆ ಪಿಜಿಡಿಸಿಎ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ನಾನು ಬೇರೆ ಏನೂ ಹೇಳದೆ ಇದನ್ನೇ ಹೇಳುತ್ತೇನೆ. ಕೆಲವು ಹುದ್ದೆಗಳಿಗೆ ಅಂಗೀಕೃತ ಕಂಪ್ಯೂಟರ್ ಸರ್ಟಿಫಿಕೇಟ್ ಬೇಕು, ಸಿಕ್ಕ ಸಿಕ್ಕ ಸೆಂಟರಿನದ್ದು ನಡೆಯುವುದಿಲ್ಲ. ಸೇರುವ ಮುಂಚೆ ಆ ಹುದ್ದೆಯ ಹಳೆಯ ಅಧಿಸೂಚನೆ ತೆಗೆದು ಅರ್ಹತೆಯ ಸಾಲು ಓದಿ. ಆದರೆ ಇದು ತಿಂಗಳುಗಟ್ಟಲೆಯ ಕಲಿಕೆ, ಬ್ಯಾಚಿಗಾಗಿ ಕಾಯಬೇಕು, ಹೊತ್ತು ಅವರು ಹೇಳಿದ್ದೇ. ಅಂಗಡಿ ನಡೆಸುವವರಿಗೆ ಹೊಂದುವುದು ಕಷ್ಟ.

ಇನ್ನೊಂದು ಸರಕಾರಿ ದಾರಿ ಸುಮಾರು ಜನರಿಗೆ ಗೊತ್ತೇ ಇಲ್ಲ. ಆರ್‌ಸೆಟಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಬ್ಯಾಂಕುಗಳು ಜಿಲ್ಲೆ ಜಿಲ್ಲೆಯಲ್ಲಿ ನಡೆಸುವ ಸ್ವ ಉದ್ಯೋಗ ತರಬೇತಿ ಕೇಂದ್ರಗಳಿವು. ನಮ್ಮ ಜಿಲ್ಲೆಯದು ಕಾಞಂಗಾಡಿನ ಹತ್ತಿರ ವೆಳ್ಳಿಕ್ಕೋತ್‌ನಲ್ಲಿದೆ. ತರಬೇತಿ ಉಚಿತ, ಊಟಕ್ಕೂ ಖರ್ಚಿಲ್ಲ. ಆರ್‌ಸೆಟಿಗಳು ನಡೆಸುವ ತರಬೇತಿಗಳಲ್ಲಿ ಕಂಪ್ಯೂಟರ್ ಅಕೌಂಟಿಂಗ್ ಕೂಡ ಇದೆ. ಮಂಜೇಶ್ವರ ಕಡೆಯವರಿಗೆ ದೂರವೇ. ಆದರೆ ಒಂದು ತಿಂಗಳು ಮನೆ ಬಿಟ್ಟು ಇರಬಹುದಾದ ಯುವಕ ಯುವತಿಯರಿಗೆ, ಕೈಯಲ್ಲಿ ಹಣ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಫೋನ್ ಮಾಡಿ ಮುಂದಿನ ಬ್ಯಾಚ್ ಯಾವುದು, ಯಾವಾಗ, ಯಾವ ಭಾಷೆಯಲ್ಲಿ ಅಂತ ಕೇಳಿಕೊಳ್ಳಿ.

ಕೇರಳ ಸರಕಾರದ ಅಕ್ಷಯ ಕೇಂದ್ರದಲ್ಲಿ ಕಲಿಯಬಹುದಾ ಅಂತ ಕೆಲವರು ಕೇಳುತ್ತಾರೆ. 2002ರಲ್ಲಿ ಮಲಪ್ಪುರಂನಲ್ಲಿ ಅಕ್ಷಯ ಹುಟ್ಟಿದ್ದು ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸುವುದಕ್ಕೇ. ಈಗ ಅಲ್ಲಿ ಅರ್ಜಿ, ಆಧಾರ್, ಬಿಲ್ ಕೆಲಸವೇ ಕೈ ತುಂಬಾ. ಕೆಲಸ ಮಾಡಿಸಿಕೊಳ್ಳಲು ಹೋಗಿ, ಕಲಿಯಲು ಬೇರೆ ಕಡೆ ನೋಡಿ.

ಮಂಗಳೂರಿನ ಕ್ಲಾಸು

ಮಂಜೇಶ್ವರ, ಉಪ್ಪಳದವರಿಗೆ ಕಾಸರಗೋಡಿಗಿಂತ ಮಂಗಳೂರೇ ಸಲೀಸು. ಕನ್ನಡದಲ್ಲಿ, ತುಳುವಿನಲ್ಲಿ ಕೇಳಿದರೂ ಹೇಳಿಕೊಡುತ್ತಾರೆ. ಸೆಂಟರುಗಳೂ ಜಾಸ್ತಿ, ಟ್ಯಾಲಿ (ಅಂಗಡಿ ಲೆಕ್ಕದ ಸಾಫ್ಟ್‌ವೇರ್) ಚೆನ್ನಾಗಿ ಕಲಿಸುವವರಿದ್ದಾರೆ. ಕೆಲಸವೂ ಅಲ್ಲೇ ಹುಡುಕುವವರಾದರೆ ಅಲ್ಲೇ ಕಲಿಯಿರಿ.

ಒಂದು ವಿಷಯ ಮಾತ್ರ ತಲೆಯಲ್ಲಿಟ್ಟುಕೊಳ್ಳಬೇಕು. ಅಲ್ಲಿ ಕಲಿಸುವ ಟ್ಯಾಲಿಯಲ್ಲಿ ಅಭ್ಯಾಸಕ್ಕೆ ಇಡುವ ಕಂಪನಿ ಕರ್ನಾಟಕದ್ದು. ನಮ್ಮ ಅಂಗಡಿ ಕೇರಳದ್ದು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕೆ ನೋಡಿ: ಕರ್ನಾಟಕಕ್ಕೆ 29, ಕೇರಳಕ್ಕೆ 32. ಮಂಗಳೂರಿನ ಹೋಲ್‌ಸೇಲ್ ಅಂಗಡಿಯಿಂದ ಶೇ. 18 ತೆರಿಗೆಯ ಸಾಮಾನು ತಂದರೆ ಅದು ಅಂತರರಾಜ್ಯ ವ್ಯಾಪಾರ, ಬಿಲ್ಲಿನಲ್ಲಿ ಐಜಿಎಸ್‌ಟಿ ಶೇ. 18 ಅಂತ ಒಂದೇ ಸಾಲು ಬರುತ್ತದೆ. ಅದೇ ಸಾಮಾನು ಕಾಸರಗೋಡಿನಿಂದ ತಂದರೆ ಕೇಂದ್ರದ ಸಿಜಿಎಸ್‌ಟಿ ಶೇ. 9, ರಾಜ್ಯದ ಎಸ್‌ಜಿಎಸ್‌ಟಿ ಶೇ. 9 ಅಂತ ಎರಡು ಸಾಲು. ಗಡಿಯಲ್ಲಿರುವ ನಮಗೆ ಒಂದೇ ದಿನ ಎರಡೂ ಬಿಲ್ ಕೈಗೆ ಬರುತ್ತವೆ. ನಮ್ಮ ಅಂಗಡಿಗೆ ಹೊಸದಾಗಿ ಬಂದ ಹುಡುಗ ಟ್ಯಾಲಿಯಲ್ಲಿ ಕಂಪನಿ ತೆರೆಯುವಾಗ ರಾಜ್ಯದ ಜಾಗದಲ್ಲಿ ಕ್ಲಾಸಿನಲ್ಲಿ ರೂಢಿಯಾದ ಹಾಗೆ ಕರ್ನಾಟಕ ಅಂತಲೇ ಒತ್ತಿದ್ದ. ಕುಂಬಳೆಯ ಗಿರಾಕಿಗೆ ಮಾಡಿದ ಬಿಲ್ಲೆಲ್ಲಾ ಐಜಿಎಸ್‌ಟಿ ಆಗಿ ಕೂತಿತ್ತು. ಸರಿಮಾಡಲು ಎರಡು ಭಾನುವಾರ ಹೋಯಿತು. ಮಂಗಳೂರಿನಲ್ಲಿ ಕಲಿಯುವವರು ಮೇಷ್ಟ್ರ ಹತ್ತಿರ ಮೊದಲೇ ಹೇಳಿ: "ನನ್ನದು ಕೇರಳದ ಕಂಪನಿ ಅಂತ ಇಟ್ಟು ಅಭ್ಯಾಸ ಮಾಡಿಸಿ." 50,000 ರೂಪಾಯಿ ಮೀರಿದ ಸರಕು ತಲಪಾಡಿ ಗಡಿ ದಾಟುವಾಗ ಬೇಕಾಗುವ ಇ ವೇ ಬಿಲ್ (ಸರಕು ಸಾಗಿಸುವ ಆನ್‌ಲೈನ್ ಚೀಟಿ) ಕೂಡ ಹೇಳಿಸಿಕೊಳ್ಳಿ.

ಮನೆಯಲ್ಲೇ, ಸ್ವಂತ

ಹಣ ಉಳಿಸಲು ಇದೇ ಒಳ್ಳೆಯ ದಾರಿ. ಯೂಟ್ಯೂಬಿನಲ್ಲಿ ಕನ್ನಡದ ಎಕ್ಸೆಲ್ ಪಾಠ ಬೇಕಾದಷ್ಟಿದೆ. ಆದರೆ ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹಾರಿ ಹಾರಿ ಕೊನೆಗೆ ಏನೂ ಕಲಿತಿರುವುದಿಲ್ಲ, ಅಲ್ವಾ? ಅದಕ್ಕೆ ನಾನು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹೇಳುತ್ತೇನೆ. ಉಚಿತ. ಎಂ.ಎಸ್. ಆಫೀಸಿನಂಥದೇ ಉಚಿತ ಸಾಫ್ಟ್‌ವೇರ್ ಲಿಬ್ರೆ ಆಫೀಸಿನ ಪಾಠಗಳು ಕನ್ನಡದ ಧ್ವನಿಯಲ್ಲೇ ಇವೆ. ಒಂದೊಂದು ಸುಮಾರು ಹತ್ತು ನಿಮಿಷ, ಒಂದಾದ ಮೇಲೆ ಒಂದು ಕ್ರಮದಲ್ಲಿ. ಸ್ಕ್ರೀನಿನ ಅರ್ಧದಲ್ಲಿ ವಿಡಿಯೋ, ಇನ್ನರ್ಧದಲ್ಲಿ ನಿಮ್ಮ ಹಾಳೆ ಇಟ್ಟುಕೊಂಡು ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ಮಾಡುವ ಪದ್ಧತಿ ಅವರದು. ವಿಡಿಯೋ ಹಳೆಯದಾದರೆ ಮೆನು ಸ್ವಲ್ಪ ಬೇರೆ ಕಾಣಬಹುದು. ಹೆದರಬೇಡಿ.

ಮನೆಯಲ್ಲಿ ಶಾಲೆಗೆ ಹೋಗುವ ಮಗು ಇದ್ದರೆ ಅರ್ಧ ಕೆಲಸ ಆದ ಹಾಗೆ. ಕೇರಳದ ಶಾಲೆಗಳಲ್ಲಿ ಸರಕಾರಿ ಸಂಸ್ಥೆ ಕೈಟ್‌ನವರ ಲಿನಕ್ಸ್ (ವಿಂಡೋಸಿನ ಬದಲು ಹಾಕುವ ಉಚಿತ ವ್ಯವಸ್ಥೆ) ಮೇಲೆ ಮಕ್ಕಳು ಲಿಬ್ರೆ ಆಫೀಸ್ ಕಲಿಯುತ್ತಾರೆ. ಕನ್ನಡ ಮಾಧ್ಯಮದವರಿಗೆ ಐಟಿ ಪುಸ್ತಕ ಕನ್ನಡದಲ್ಲೇ ಇದೆ, ಹತ್ತನೇ ಕ್ಲಾಸಿಗೆ ಪ್ರಾಕ್ಟಿಕಲ್ ಪರೀಕ್ಷೆಯೂ ಇದೆ. ಆ ಪುಸ್ತಕವನ್ನೇ ತೆಗೆದು ಓದಿ. ದೊಡ್ಡವರಿಗೂ ಅದು ಸರಿಯಾಗಿ ಅರ್ಥ ಆಗುತ್ತದೆ. ಮಗಳು ಅಮ್ಮನಿಗೆ ಹೇಳಿಕೊಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಚಂದದ ಪಾಠ ನನ್ನಿಂದ ಆಗಲಿಕ್ಕಿಲ್ಲ.

ಸ್ವಂತ ಕಲಿಯುವವರು ಸಿಕ್ಕಿಬೀಳುವುದು ಸಣ್ಣ ಸಣ್ಣ ಜಾಗದಲ್ಲಿ. ಬದಿಯಡ್ಕದ ಅಣ್ಣನದ್ದೇ ಹೇಳುತ್ತೇನೆ. ದಿನಾಂಕ, ಹೆಸರು, ಅಡಿಕೆಯ ತರ, ತೂಕ, ದರ, ಮೊತ್ತ ಅಂತ ಹಾಳೆಯಲ್ಲಿ ಆರು ಕಾಲಂ ಮಾಡಿದ್ದರು. ಹೊಸತು, ಹಳತು, ಪಟೋರ, ಕೋಕ ಅಂತ ಚಂದ ಬರೆದಿದ್ದರು. ತೂಕಕ್ಕೆ ದರ ಗುಣಿಸಿದರೆ ಮೊತ್ತದ ಜಾಗದಲ್ಲಿ ವ್ಯಾಲ್ಯೂ ಅಂತ ತಪ್ಪು ಬರುತ್ತಿತ್ತು. ಎರಡು ರಾತ್ರಿ ಕೂತಿದ್ದಾರೆ. ನೋಡಿದರೆ ತೂಕದ ಸೆಲ್‌ನಲ್ಲಿ (ಚೌಕದಲ್ಲಿ) "42 ಕೆ.ಜಿ." ಅಂತ ಹೊಡೆದಿದ್ದರು. ಕೆ.ಜಿ. ಸೇರಿದ ಕೂಡಲೇ ಕಂಪ್ಯೂಟರಿಗೆ ಅದು ಅಂಕೆ ಅಲ್ಲ, ಬರಹ. ಕೆ.ಜಿ. ಅನ್ನುವುದನ್ನು ಮೇಲಿನ ತಲೆಬರಹಕ್ಕೆ ಹಾಕಿ ಸೆಲ್‌ನಲ್ಲಿ 42 ಮಾತ್ರ ಬಿಟ್ಟೆವು. ಮೊತ್ತ ಎಲ್ಲಾ ಸಾಲಿನಲ್ಲೂ ಬಂತು. ಅವರ ಮುಖ ನೋಡಬೇಕಿತ್ತು.

ಹೀಗೇ ಇನ್ನೆರಡಿವೆ. 04998 ಅಂತ ಎಸ್‌ಟಿಡಿ ಕೋಡ್ ಹೊಡೆದರೆ ಮೊದಲ ಸೊನ್ನೆ ಮಾಯ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಡಬೇಕು. ಮತ್ತೆ 3/4 ಅಂದರೆ ಏಪ್ರಿಲ್ 3 ನಮಗೆ, ಅಮೆರಿಕಾದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮಾರ್ಚ್ 4. ಸೆಟ್ಟಿಂಗ್ಸ್‌ನಲ್ಲಿ ಪ್ರದೇಶ ಇಂಡಿಯಾ ಅಂತ ಇದೆಯಾ ನೋಡಿಕೊಳ್ಳಿ. ಆಗ ಲಕ್ಷದ ಕಾಮಾ ಕೂಡ ನಮ್ಮ ರೀತಿಯಲ್ಲೇ 1,00,000 ಅಂತ ಬರುತ್ತದೆ.

ಲೆಕ್ಕದವರ ಆಫೀಸಿನಲ್ಲಿ ಕೂತು

ಇದನ್ನು ಯಾರೂ ಕೋರ್ಸು ಅಂತ ಕರೆಯುವುದಿಲ್ಲ. ಜಿಎಸ್‌ಟಿ ಫೈಲ್ ಮಾಡುವವರ ಆಫೀಸಿನಲ್ಲಿ ಮೂರು ತಿಂಗಳು ಸಹಾಯಕ್ಕೆ ಕೂರುವುದು. ಸಂಬಳ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಆದರೆ ದಿನಕ್ಕೆ ನಲವತ್ತು ನಿಜವಾದ ಬಿಲ್ ಕೈಯಲ್ಲಿ ಹಾದುಹೋಗುತ್ತವೆ. ಪ್ರತಿ ತಿಂಗಳು ರಿಟರ್ನ್ ಹಾಕುವವರ ಮಾರಾಟದ ವಿವರದ ಜಿಎಸ್‌ಟಿಆರ್ 1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ. ಆ ದಿನಗಳು ಬಂದಾಗ ಆಫೀಸು ಹೇಗಿರುತ್ತದೆ ಅಂತ ಯಾವ ಕ್ಲಾಸೂ ತೋರಿಸುವುದಿಲ್ಲ. ವರ್ಡ್, ಎಕ್ಸೆಲ್ ಏನೂ ಗೊತ್ತಿಲ್ಲದೆ ಹೋಗಬೇಡಿ, ಅವರಿಗೂ ಹೊರೆ. ಎರಡು ತಿಂಗಳ ಪಾಠ ಮುಗಿಸಿ ಹೋಗಿ. ಅಕೌಂಟ್ಸ್ ಕೆಲಸ ಹುಡುಕುವವರಿಗೆ ಈ ಮೂರು ತಿಂಗಳು ಸರ್ಟಿಫಿಕೇಟಿಗಿಂತ ಹೆಚ್ಚು ಉಪಕಾರ.

ಯಾವ ಸಾಫ್ಟ್‌ವೇರ್?

ಕೆಲಸಕ್ಕೆ ಸೇರುವವರು ಎಂ.ಎಸ್. ಆಫೀಸ್ ಕಲಿಯಲೇಬೇಕು, ಆಫೀಸುಗಳಲ್ಲಿ ಹೆಚ್ಚಾಗಿ ಇರುವುದು ಅದೇ. ಸ್ವಂತ ಅಂಗಡಿಗೆ ಲಿಬ್ರೆ ಆಫೀಸ್ ಧಾರಾಳ ಸಾಕು. ದುಡ್ಡಿಲ್ಲ, ಎಕ್ಸೆಲ್ ಫೈಲನ್ನೂ ತೆರೆಯುತ್ತದೆ. ಬೇರೆಯವರಿಗೆ ಕಳಿಸುವಾಗ ಎಕ್ಸೆಲ್ ರೂಪದಲ್ಲಿ ಸೇವ್ ಮಾಡಿದರಾಯಿತು. ಕದ್ದ ಎಂ.ಎಸ್. ಆಫೀಸ್ ಹಾಕಿಸಿಕೊಳ್ಳಬೇಡಿ, ಅದರ ಜೊತೆ ವೈರಸ್ಸೂ ಬರುತ್ತದೆ. ಗೂಗಲ್ ಶೀಟ್ಸ್ ಫೋನಿನಲ್ಲೂ ನಡೆಯುತ್ತದೆ, 15 ಜಿಬಿ ಜಾಗ ಉಚಿತ. ಅಂಗಡಿಯಲ್ಲಿ ನೀವು ಬರೆದದ್ದು ಬೆಂಗಳೂರಿನಲ್ಲಿರುವ ಮಗನಿಗೆ ಅದೇ ಕ್ಷಣ ಕಾಣುತ್ತದೆ.

ಟ್ಯಾಲಿ ನಮ್ಮ ಬೆಂಗಳೂರಿನದ್ದೇ, 1986ರಲ್ಲಿ ಶುರುವಾದ ಕಂಪನಿ. ಕಲಿಯಲು ಕೊಳ್ಳಬೇಕಾಗಿಲ್ಲ. ಎಜುಕೇಶನ್ ಮೋಡ್ ಅಂತ ಇದೆ, ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಬಹುದು. ಅಭ್ಯಾಸಕ್ಕೆ ಅಷ್ಟು ಸಾಕು. ಜಿಎಸ್‌ಟಿ ನೋಂದಣಿಯೇ ಇಲ್ಲದ ಸಣ್ಣ ವ್ಯಾಪಾರಕ್ಕೆ ಟ್ಯಾಲಿ ಬೇಡ, ಒಂದು ಒಳ್ಳೆಯ ಶೀಟ್ ಸಾಕು.

ಕನ್ನಡ ಟೈಪಿಂಗ್: ನಮಗೊಂದು ಅನುಕೂಲ

ಕರ್ನಾಟಕದಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ರೂಢಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಅದರದ್ದು, ಕಲಿಯಲು ಸುಲಭ. ಮಂಗಳೂರಿನ ಡಿಟಿಪಿ (ಅಚ್ಚಿಗೆ ಪುಟ ಜೋಡಿಸುವ) ಕೆಲಸಕ್ಕೆ ಹೋಗುವವರು ಅದನ್ನೇ ಕಲಿಯಿರಿ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದ ಪತ್ರ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಾಗದ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಯಾವ ಕೀಲಿಮಣೆ ಆದರೂ ಎಲ್ಲಾ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡಿನಲ್ಲೇ ಬರೆಯಿರಿ.

ಕೇರಳದ ಶಾಲೆ, ಆಫೀಸುಗಳಲ್ಲಿ ಮಲಯಾಳಕ್ಕೆ ಇನ್‌ಸ್ಕ್ರಿಪ್ಟ್ ಅನ್ನುವ ಕೀಲಿಮಣೆ ರೂಢಿ. ಇನ್‌ಸ್ಕ್ರಿಪ್ಟ್ ಎಲ್ಲಾ ಭಾರತೀಯ ಲಿಪಿಗೂ ಒಂದೇ ಲೆಕ್ಕಾಚಾರದ್ದು. ಕ ಇರುವ ಕೀಲಿಯಲ್ಲೇ ಮಲಯಾಳದ ಕ ಕೂಡ ಇದೆ. "ನಮ್ಮ" ಅಂತ ಬರೆಯಲು ವಿ, ಸಿ, ಡಿ, ಸಿ ಕೀಲಿ ಒತ್ತಿ: ನ, ಮ, ಅರ್ಧಾಕ್ಷರದ ಗುರುತು, ಮತ್ತೆ ಮ. ಭಾಷೆಯನ್ನು ಮಲಯಾಳಕ್ಕೆ ಬದಲಿಸಿ ಅದೇ ನಾಲ್ಕು ಕೀಲಿ ಒತ್ತಿದರೆ ಮಲಯಾಳ ಲಿಪಿಯಲ್ಲಿ ಅದೇ ಪದ ಬರುತ್ತದೆ. ಒಂದು ಸಲ ಬೆರಳಿಗೆ ಕೂತರೆ ಎರಡು ಭಾಷೆ ಕೈಗೆ ಬಂದ ಹಾಗೆ. ಎರಡೂ ಲಿಪಿ ಬೇಕಾಗುವ ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ವಿಂಡೋಸಿನಲ್ಲೇ ಇದೆ, ಏನೂ ಹಾಕಿಸಿಕೊಳ್ಳಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ಪತ್ರ ಬರೆಯುವವರಿಗೆ ಇದೂ ಬೇಡ. ಕ್ರೋಮಿನಲ್ಲಿ ಗೂಗಲ್ ಡಾಕ್ಸ್ ತೆರೆದು ಕನ್ನಡದಲ್ಲಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ. ಆಮೇಲೆ ತಿದ್ದಿದರಾಯಿತು.

ಆ ಮೂವರಿಗೆ ನಾನು ಹೇಳಿದ್ದು

ಬದಿಯಡ್ಕದ ಅಣ್ಣನಿಗೆ ಕೋರ್ಸು ಬೇಡ ಅಂದೆ. ಪೇಟೆಯ ಸೆಂಟರಿನಲ್ಲಿ ಒಂದೇ ತಿಂಗಳು, ಬರೀ ಮೌಸ್, ಟೈಪಿಂಗ್, ಎಕ್ಸೆಲ್, ಅಂಗಡಿ ತೆರೆಯುವ ಮುಂಚಿನ ಹೊತ್ತಿಗೆ. ಅವರ ಅಡಿಕೆ ಪುಸ್ತಕವನ್ನೇ ತೆಗೆದುಕೊಂಡು ಹೋಗಿ ಅದರ ಮೇಲೆಯೇ ಅಭ್ಯಾಸ. ಮೂರು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯಬೇಕು, ತಿಂಗಳ ಕೊನೆಗೆ ಎರಡರ ಮೊತ್ತ ತಾಳೆ ನೋಡಬೇಕು. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದರು. ಮಗನ ಹಳೆಯದಕ್ಕೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿದರೆ ಸಾಕು ಅಂದೆ. ಮತ್ತೆ ಅವರ ಇಮೇಲ್ ಪಾಸ್‌ವರ್ಡ್ ಬೇರೆಯವರ ಹತ್ತಿರ ಇತ್ತು. ಅವತ್ತೇ ಬದಲಾಯಿಸಿದೆವು. ನಿಮ್ಮ ಇಮೇಲ್ ಮಾಡಿಕೊಟ್ಟವರು ಯಾರು, ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ನೀವೂ ಇವತ್ತೇ ನೋಡಿ.

ಉಪ್ಪಳದ ಹುಡುಗಿಗೆ ಮೊದಲು ಕೇಳಿದ್ದು, ಕೆಲಸ ಎಲ್ಲಿ ಬೇಕು ಅಂತ. ಕೇರಳದ ಸರಕಾರಿ ಕೆಲಸವಾದರೆ ಪಿಜಿಡಿಸಿಎ, ಜೊತೆಗೆ ಇನ್‌ಸ್ಕ್ರಿಪ್ಟ್. ಖಾಸಗಿ ಅಕೌಂಟ್ಸ್ ಕೆಲಸವಾದರೆ ಮಂಗಳೂರಿನಲ್ಲಿ ಎರಡು ತಿಂಗಳು ಎಕ್ಸೆಲ್, ಟ್ಯಾಲಿ, ಆಮೇಲೆ ಊರಿನ ಲೆಕ್ಕದವರ ಆಫೀಸಿನಲ್ಲಿ ಮೂರು ತಿಂಗಳು. ಅವಳು ಎರಡನೆಯದನ್ನು ಆರಿಸಿಕೊಂಡಿದ್ದಾಳೆ. ಗಡಿಯ ಎರಡೂ ಕಡೆಯ ಬಿಲ್ ಗೊತ್ತಿರುವವರು ಎರಡೂ ಕಡೆಯ ಅಂಗಡಿಗೆ ಬೇಕು.

ಮುಳ್ಳೇರಿಯದ ಅಕ್ಕನಿಗೆ ಕಂಪ್ಯೂಟರನ್ನೇ ಸದ್ಯಕ್ಕೆ ಬೇಡ ಅಂದೆ. ಅವರ ಕಾಗದದಲ್ಲಿದ್ದ ಮೂರು ಕೆಲಸ: ಯಾರಿಗೆ ಎಷ್ಟು ಪ್ಯಾಕೆಟ್ ಹೋಯಿತು, ಯಾರ ದುಡ್ಡು ಬಾಕಿ, ಪ್ಯಾಕೆಟಿನ ಚೀಟಿ. ಮೊದಲ ಎರಡು ಫೋನಿನ ಗೂಗಲ್ ಶೀಟ್ಸ್‌ನಲ್ಲೇ ಆಗುತ್ತದೆ. ಒಂದು ಮಧ್ಯಾಹ್ನ ಅವರ ಅಂಗಳದಲ್ಲಿ ಕೂತು ಶೀಟ್ ಮಾಡಿದೆವು. ಹಪ್ಪಳ ಬಿಸಿಲಿಗೆ ಹಾಕಿತ್ತು. ಒಂಬತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿ ನಿಂತು, "ಅಮ್ಮ, ಬಾಕಿ ಇರುವ ಸಾಲಿಗೆ ಕೆಂಪು ಬಣ್ಣ ತಾನಾಗಿ ಬರುವ ಹಾಗೆ ಮಾಡಬಹುದು, ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ" ಅಂದಳು. ಚೀಟಿಯ ಕೆಲಸವನ್ನು ಅವಳಿಗೇ ಬಿಟ್ಟು ಬಂದಿದ್ದೇನೆ.